ಚೀರಪ್ಪನ ಮಗಳಿಗೆ ಒಂದು ಪರೀಕ್ಷೆ

"ಸಾಂತಾ ಲೂಚಿಯಾ ಇರೋದು ಗುಡ್ಡದ ತುದಿಯಲ್ಲಿ, ಅಲ್ಲವೇ?" ಎಂದು ಕದಿರಪ್ಪ ಕೇಳಿದ.

ಅಸ್ಸುಂತಾ ಬಾಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ಪೂರ್ತಿ ಇಳಿಯುವವರೆಗೂ ಮಾತಾಡಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಇನ್ನೊಂದಕ್ಕೆ ಕೈಚಾಚಿ, ಅವನನ್ನು ಕನಿಕರದಿಂದ ನೋಡಿದಳು.

"ಅದು ಸಮುದ್ರದ ದಂಡೆಯಲ್ಲಿದೆ. ಗುಡ್ಡದ ಮೇಲಿರೋದು ವೊಮೆರೋ. ನೀವು ನೇಪಲ್ಸಿನಲ್ಲಿ ಏಳು ತಿಂಗಳು ಇದ್ದದ್ದು ನಿಜವೇ ಹವಾಲ್ದಾರರೇ?"

"ನಿಜ. ವಯಸ್ಸಾಯಿತು ನೋಡಿ, ಮರೆತುಹೋಗುತ್ತದೆ."

ಒಂದು ಚೂರೂ ಮರೆತಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯಿಂದ ಆಂಡರ್ಸನ್‌ಪೇಟೆಯ ಬೀದಿಗಳಲ್ಲಿ ಅವಳನ್ನು ಸುತ್ತಿಸುತ್ತ ಅವನು ಹೇಳಿದ ಐದನೆಯ ಸುಳ್ಳು ಅದು. ಐದನ್ನೂ ಅವಳು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆದಿದ್ದಳು.

ಬಂಗಾರಪೇಟೆಯ ಹೊರಗೆ ಅಕ್ಕಯ್ಯಮ್ಮನ ದ್ರಾಕ್ಷಿತೋಟ ನೋಡಿಕೊಳ್ಳುತ್ತಿದ್ದ ಇಟಲಿಯವನು ಚೀರೋ. ಊರವರ ಬಾಯಲ್ಲಿ ಚೀರಪ್ಪ. ಉರಿಗಾಂನ ಒಂದು ಇಗರ್ಜಿಗೆ ಪೂಜೆಯ ದ್ರಾಕ್ಷಾರಸ ಕೊಡಲು ರೈಲು ಹತ್ತಿದವನು ಅಲ್ಲಿಗೆ ತಲುಪದೆ ಕಾಣೆಯಾಗಿ ಇಂದಿಗೆ ಹನ್ನೊಂದು ದಿನ. ಅವನ ಮಗಳೆಂದು ಹೇಳಿಕೊಂಡು ಈ ಹುಡುಗಿ ಬಂದಿಳಿದು ಮೂರು ದಿನ.

ಕದಿರಪ್ಪ ಯುದ್ಧಕಾಲದಲ್ಲಿ ಸ್ಯಾಪರ್ಸ್ ಪಡೆಯ ಹವಾಲ್ದಾರನಾಗಿದ್ದ. ನಲವತ್ತನಾಲ್ಕರಲ್ಲಿ ನೇಪಲ್ಸ್ ಬಂದರಿನ ಮುರಿದ ನೀರಿನ ಕೊಳವೆಗಳನ್ನು ಜೋಡಿಸಿದವರಲ್ಲಿ ಅವನೂ ಒಬ್ಬ. ಆಮೇಲೆ ಚಿನ್ನದ ಗಣಿಯ ಕಾವಲಿನಲ್ಲಿ ಹತ್ತು ವರ್ಷ ಕಳೆದು, ಈಗ ಜನ ಕಳೆದುಕೊಂಡದ್ದನ್ನು ಹುಡುಕಿಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ. ಚೀರಪ್ಪನನ್ನು ಹುಡುಕಲು ಹೇಳಿದವರು ಇಗರ್ಜಿಯ ಪಾದ್ರಿಗಳು. ಈ ಹುಡುಗಿಯನ್ನು ಪರೀಕ್ಷಿಸಲು ಹೇಳಿದವಳು ಅಕ್ಕಯ್ಯಮ್ಮ.

"ಆ ಊರು ಕಣ್ಣಾರೆ ಕಂಡೋನು ನೀನೊಬ್ನೇ ಕಣ್ ಕದಿರಪ್ಪ," ಎಂದಿದ್ದಳು ಆ ಮುದುಕಿ. "ದಿಟವಾಗ್ಲೂ ಆ ಊರೋಳಾ, ಇಲ್ಲ ಯಾರೋ ಏಳ್ಕೊಟ್ಟು ಕಳ್ಸವ್ರಾ ನೋಡು. ಔದು ಅಂದ್ರೆ ಚೀರಪ್ಪನ ನೆಲಮಾಳಿಗೆ ಬೀಗ ನಾನೇ ತೆಗೀತೀನಿ. ಅಲ್ಲೀಗಂಟ ಮುಟ್ಟಾಕಿಲ್ಲ."

ಅದಕ್ಕೇ ಈ ತಿರುಗಾಟ. ಜೊತೆಗೆ ಕದಿರಪ್ಪನ ಹೆಂಡತಿ ಮುನಿಶಾಮಮ್ಮನೂ ಹೊರಟಿದ್ದಳು. ಬಿಳಿ ಹುಡುಗಿಯೊಬ್ಬಳ ಜೊತೆ ಗಂಡ ಪೇಟೆ ಸುತ್ತುವುದನ್ನು ಬಾಗಿಲಲ್ಲಿ ನಿಂತು ನೋಡುವ ಹೆಂಗಸಲ್ಲ ಅವಳು. ಅಕ್ಕನ ಮಗಳನ್ನೇ ಮದುವೆಯಾಗಿದ್ದರಿಂದ ಅವಳಿಗೆ ಅವನು ಇಂದಿಗೂ ಮಾವ.

"ಏನಂತೆ ಮಾವ?" ಎಂದು ಅವಳು ಸೆರಗು ಎಳೆದುಕೊಂಡು ಕೇಳಿದಳು. ಅಸ್ಸುಂತಾಳ ಜೊತೆ ಅವನು ಆಡುತ್ತಿದ್ದುದು ಸಿಪಾಯಿಗಳ ಇಟಾಲಿಯನ್, ನಡುವೆ ತುಂಡು ಇಂಗ್ಲಿಷ್.

"ನನಗೆ ಏನೂ ಗೊತ್ತಿಲ್ಲ ಅಂತಾಳೆ."

"ಅದು ನಿಜ ಬಿಡು. ಒಳ್ಳೇ ಉಡ್ಗಿ."

ಬೀದಿ ಅಷ್ಟು ಹೊತ್ತಿಗೆ ತುಂಬಿ ಹರಿಯುತ್ತಿತ್ತು. ಮೊದಲ ಪಾಳಿ ಇಳಿದುಹೋಗಿ, ಮನೆಯ ಹೆಂಗಸರು ಚೀಲ ಹಿಡಿದು ಹೊರಬೀಳುವ ಸಮಯ. ಒಬ್ಬ ತಮಿಳಿನಲ್ಲಿ ಮೀನು ಕೂಗುತ್ತಿದ್ದ. ಅವನ ಪಕ್ಕದವನು ತೆಲುಗಿನಲ್ಲಿ ಹುಣಸೆಹಣ್ಣು ಕೂಗುತ್ತಿದ್ದ. ಇಬ್ಬರೂ ಜಗಳವಾಡುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನ ತಿದಿ, ಸೋಡಾ ಅಂಗಡಿಯ ಗೋಲಿ, ಯಾರದೋ ಮನೆಯ ರೇಡಿಯೊ, ಎಲ್ಲ ಸದ್ದೂ ಒಂದರ ಮೇಲೊಂದು ಏರಿ ಕೂತಿತ್ತು.

ಅಸ್ಸುಂತಾ ಈ ಗದ್ದಲದಲ್ಲಿ ತಾನು ಹುಟ್ಟಿದ ಬೀದಿಯಲ್ಲೇ ಇರುವವಳ ಹಾಗೆ ನಡೆದಳು. ಮೀನನ್ನು ಎತ್ತಿ ಕಿವಿರು ಬಿಡಿಸಿ ನೋಡಿದಳು, ಮೂಸಿದಳು, ಬೇಡವೆಂದು ಇಟ್ಟಳು. ಮೀನಿನವನು ಬೈದ. ಅವಳೂ ತನ್ನ ಭಾಷೆಯಲ್ಲಿ ಬೈದಳು. ಇಬ್ಬರಿಗೂ ಸಮಾಧಾನವಾಗಿ ನಕ್ಕರು.

"ಪಿಞಾಸೆಕ್ಕಾದಲ್ಲೂ ಹೀಗೇ," ಎಂದಳು. "ನಮ್ಮ ಮನೆ ಅಲ್ಲೇ, ಸಂತೆಯ ಮಗ್ಗುಲಿಗೆ. ಬೈಯದೆ ಮೀನು ಕೊಂಡರೆ ಅಮ್ಮ ವಾಪಸು ಕಳಿಸುತ್ತಿದ್ದಳು."

ಅಷ್ಟರಲ್ಲಿ ಒಂದು ಮಹಡಿ ಮನೆಯ ಕಿಟಕಿಯಿಂದ ಬುಟ್ಟಿಯೊಂದು ಹಗ್ಗದಲ್ಲಿ ಇಳಿದು ಬಂತು. ಸೊಪ್ಪಿನವಳು ಎರಡು ಕಟ್ಟು ದಂಟಿನ ಸೊಪ್ಪು ಇಟ್ಟಳು. ಬುಟ್ಟಿ ಮೇಲೆ ಹೋಯಿತು.

ಅಸ್ಸುಂತಾ ನಿಂತೇಬಿಟ್ಟಳು. ಬುಟ್ಟಿ ಕಿಟಕಿಯೊಳಗೆ ಮರೆಯಾಗುವವರೆಗೂ ಬಾಯಿ ತೆರೆದು ನೋಡಿದಳು.

"ನಮ್ಮಜ್ಜಿ," ಎಂದಳು. "ನಾಲ್ಕನೇ ಮಹಡಿ. ಹದಿನೈದು ವರ್ಷ ಮೆಟ್ಟಿಲು ಇಳಿಯಲೇ ಇಲ್ಲ. ಬುಟ್ಟಿಯೇ ಅವಳ ಕಾಲು."

ಕದಿರಪ್ಪನಿಗೆ ಅಲ್ಲಿಯವರೆಗೆ ಪರೀಕ್ಷೆ ನೆನಪಿತ್ತು. ಆ ಮಾತಿಗೆ ಅದು ಒಂದು ಗಳಿಗೆ ಮರೆತೇ ಹೋಯಿತು. ನೇಪಲ್ಸಿನಲ್ಲಿ ಸ್ಪೇನಿನವರ ಕೇರಿಯ ಏರುಗಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಬಟ್ಟೆಗಳು, ಅವುಗಳಿಂದ ತೊಟ್ಟಿಕ್ಕುವ ನೀರು, ಮೇಲಿನಿಂದ ಯಾರೋ ಹಗ್ಗದ ಬುಟ್ಟಿಯಲ್ಲಿ ಅವನಿಗೆಂದು ಇಳಿಸಿದ ಅರ್ಧ ಬ್ರೆಡ್ಡು. ಅವರಿಗೇ ಉಣ್ಣಲು ಇಲ್ಲದ ವರ್ಷ ಅದು. ಕೊಟ್ಟವರ ಮುಖವನ್ನು ಅವನು ನೋಡಲೇ ಇಲ್ಲ. ಕೈ ಮಾತ್ರ ಕಂಡಿತ್ತು.

"ಸ್ಪೇನಿನವರ ಕೇರಿ ನೇರ ಸಮುದ್ರಕ್ಕೆ ಇಳಿಯುತ್ತದೆ," ಎಂದು ಆರನೆಯ ಸುಳ್ಳನ್ನು ಅರೆಮನಸ್ಸಿನಿಂದ ಹೇಳಿದ.

"ಇಲ್ಲ. ತೊಲೇದೊ ರಸ್ತೆಗೆ ಇಳಿಯುತ್ತದೆ." ಅವಳು ನಕ್ಕಳು. "ಹವಾಲ್ದಾರರೇ, ನೀವು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ. ಎರಡನೇ ಪ್ರಶ್ನೆಗೇ ಗೊತ್ತಾಯಿತು. ಮಾಡಿ, ಬೇಜಾರಿಲ್ಲ. ಊರಿನ ಬಗ್ಗೆ ಯಾರಾದರೂ ಕೇಳಿ ಎಷ್ಟು ದಿನ ಆಗಿತ್ತು. ಹಡಗಿನಲ್ಲಿ ಎಲ್ಲರೂ ಬರೀ ವಾಂತಿಯ ಬಗ್ಗೆ ಮಾತಾಡುತ್ತಿದ್ದರು."

ಕದಿರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಮುನಿಶಾಮಮ್ಮ ಗಂಡನ ಮುಖ ನೋಡಿ, ಭಾಷೆ ತಿಳಿಯದೆಯೂ ವಿಷಯ ತಿಳಿದುಕೊಂಡು, ಹುಡುಗಿಗೆ ಇನ್ನೂ ನಾಲ್ಕು ಬಜ್ಜಿ ಕಟ್ಟಿಸಿದಳು.

ಮಾರಿಕುಪ್ಪಂನಿಂದ ಹತ್ತೂವರೆಯ ರೈಲು ಹಿಡಿದರು. ಕಿಟಕಿಯಾಚೆ ಗಣಿಯ ಸಯನೈಡ್ ಮಣ್ಣಿನ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಉರಿಗಾಂನಲ್ಲಿ ರಾತ್ರಿ ಪಾಳಿ ಮುಗಿಸಿದ ಆಳುಗಳು ಹತ್ತಿದರು. ಎದುರು ಸೀಟಿನಲ್ಲಿ ಬಿಳಿ ಹುಡುಗಿ ಮೆಣಸಿನಕಾಯಿ ಬಜ್ಜಿ ತಿನ್ನುವುದನ್ನು ನೋಡಿ ಒಬ್ಬ ತನ್ನ ನೀರಿನ ಚೊಂಬು ಮುಂದೆ ಚಾಚಿದ.

"ನಿಮ್ಮ ಅಪ್ಪನ ಬಗ್ಗೆ ಹೇಳಿ," ಎಂದ ಕದಿರಪ್ಪ. ಈ ಬಾರಿ ಸುಳ್ಳಿಲ್ಲದೆ ಕೇಳಿದ.

"ನಾನು ಏಳು ವರ್ಷದವಳಿದ್ದಾಗ ಅಪ್ಪ ಯುದ್ಧಕ್ಕೆ ಹೋದ. ಅದಕ್ಕೆ ಮುಂಚೆ ನಮ್ಮದು ವೈನಿನ ಅಂಗಡಿ. ಅಂಗಡಿ ಅಂದರೆ ದೊಡ್ಡದಲ್ಲ, ಬೀದಿಯಿಂದ ಹತ್ತು ಮೆಟ್ಟಿಲು ಕೆಳಗೆ ಒಂದು ಗುಹೆ. ನಮ್ಮೂರಿನ ಕೆಳಗೆಲ್ಲ ಮೆತ್ತನೆಯ ಕಲ್ಲು, ಕೊರೆದರೆ ತಂಪು. ವೆಸೂವಿಯಸ್ ಬೆಂಕಿಬೆಟ್ಟದ ಇಳಿಜಾರಿನಿಂದ ರೈತರು ಕತ್ತೆಯ ಮೇಲೆ ಪೀಪಾಯಿ ತರುತ್ತಿದ್ದರು. ಅಪ್ಪ ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಬೆಟ್ಟದ ಯಾವ ಮಗ್ಗುಲಿನ ದ್ರಾಕ್ಷಿ ಅಂತ ಹೇಳುತ್ತಿದ್ದ. ಸಮುದ್ರದ ಕಡೆಯದಾದರೆ ಉಪ್ಪಿನ ಬಾಯಿ, ಒಳಗಿನದಾದರೆ ಹೊಗೆ."

"ಏನಂತೆ?" ಎಂದಳು ಮುನಿಶಾಮಮ್ಮ. ಕದಿರಪ್ಪ ಹೇಳಿದ.

"ಅವ್ರಲ್ಲಿ ಎಂಗುಸ್ರೂ ಕುಡೀತಾರಾ ಕೇಳು."

ಅಸ್ಸುಂತಾ ಪ್ರಶ್ನೆಗೆ ಆಶ್ಚರ್ಯಪಟ್ಟಳು. "ಊಟಕ್ಕೆ ನೀರು ಕುಡಿಯುವುದಿಲ್ಲವೇ, ಹಾಗೆ. ಅಜ್ಜಿ ನನಗೂ ಕೊಡುತ್ತಿದ್ದಳು, ಮುಕ್ಕಾಲು ನೀರು ಬೆರೆಸಿ. ಬೇಸಿಗೆಯಲ್ಲಿ ಪೀಚ್ ಹಣ್ಣು ಹೆಚ್ಚಿ ವೈನಿನಲ್ಲಿ ನೆನೆಹಾಕುತ್ತೇವೆ. ಹಣ್ಣು ತಿಂದು ಕೊನೆಗೆ ರಸ ಕುಡಿಯಬೇಕು. ಆದರೆ ಕುಡಿದು ಬೀದಿಯಲ್ಲಿ ತೂರಾಡಿದವನಿಗೆ ಅಪ್ಪ ಮತ್ತೆ ಲೋಟ ಕೊಡುತ್ತಿರಲಿಲ್ಲ. ಅಂಗಡಿಗೇ ಅವಮಾನ ಅನ್ನುತ್ತಿದ್ದ."

ಕದಿರಪ್ಪ ಇದನ್ನು ಕನ್ನಡದಲ್ಲಿ ಹೇಳಿದಾಗ ಮುನಿಶಾಮಮ್ಮ ತಲೆಯಾಡಿಸಿದಳು. "ಅಂಥಾ ಅಂಗಡಿ ನಮ್ಮ ಬೀದೀಗೊಂದು ಆಗ್ಬೇಕಿತ್ತು," ಎಂದಳು.

"ಅಪ್ಪ ಆಫ್ರಿಕಾದಲ್ಲಿ ಸೆರೆಸಿಕ್ಕ," ಅಸ್ಸುಂತಾ ಮುಂದುವರಿಸಿದಳು. "ಬೆಂಗಳೂರಿನ ಶಿಬಿರದಿಂದ ಎರಡು ಕಾರ್ಡು ಬಂದವು. ಆಮೇಲೆ ಏನೂ ಇಲ್ಲ. ನಮ್ಮ ಮನೆ ಬಾಂಬಿಗೆ ಹೋಯಿತು. ಫೋಟೋ, ಕಾಗದ, ಎಲ್ಲ. ಸತ್ತಿದ್ದಾನೆ ಅಂತಲೇ ಅಮ್ಮ ಕಪ್ಪು ಉಟ್ಟಳು. ಹೋದ ವರ್ಷ ಇಲ್ಲಿಂದ ಮರಳಿದ ಒಬ್ಬ ಪಾದ್ರಿ, ಬಂಗಾರಪೇಟೆಯಲ್ಲಿ ನಮ್ಮೂರಿನ ಚೀರೋ ವೈನು ಮಾಡುತ್ತಿದ್ದಾನೆ ಅಂದರು. ಪೂರ್ತಿ ಹೆಸರು ಅಪ್ಪನದೇ. ನಾನು ಏಪ್ರಿಲ್‌ನಲ್ಲಿ ಕಾಗದ ಬರೆದೆ, ಬರುತ್ತಿದ್ದೇನೆ ಅಂತ. ಉತ್ತರಕ್ಕೆ ಕಾಯಲಿಲ್ಲ, ಹಡಗು ಹತ್ತಿದೆ."

ಕದಿರಪ್ಪ ಕಿಟಕಿಯ ಕಡೆ ತಿರುಗಿದ. ಯಾವ ಕಾಗದವೂ ಬಂದಿಲ್ಲವೆಂದು ಅಕ್ಕಯ್ಯಮ್ಮ ಅವನಿಗೆ ಎರಡು ಸಲ ಹೇಳಿದ್ದಳು. ಅವನು ಕೇಳಿದ್ದು ಒಂದೇ ಸಲ.

ಬಂಗಾರಪೇಟೆ ಸ್ಟೇಷನ್ನಿನಿಂದ ಜಟಕಾ ಗಾಡಿ. ತೋಟ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಂದು ದ್ರಾಕ್ಷಿ ಕೊಯ್ಲಿನ ಮೊದಲ ದಿನ. ಅಕ್ಕಪಕ್ಕದ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ಸಾಲುಗಟ್ಟಿ ಬರುತ್ತಿದ್ದರು. ಕಲ್ಲುತೊಟ್ಟಿಯಲ್ಲಿ ಆಗಲೇ ಮೊಣಕಾಲುದ್ದ ಹಣ್ಣು ಬಿದ್ದಿತ್ತು. ಜೇನುನೊಣಗಳು ಅದರ ಸುತ್ತ ಮೋಡ ಕಟ್ಟಿದ್ದವು.

ಅಸ್ಸುಂತಾ ಗಾಡಿಯಿಂದ ಇಳಿದವಳು ತೊಟ್ಟಿಯನ್ನು ನೋಡಲಿಲ್ಲ. ಹೊಂಗೆ ಮರಗಳನ್ನು ನೋಡಿದಳು. ತೋಟದ ಅಂಚಿನಲ್ಲಿದ್ದ ಎಂಟು ದೊಡ್ಡ ಹೊಂಗೆ ಮರಗಳಿಗೆ ಚೀರಪ್ಪ ದ್ರಾಕ್ಷಿ ಬಳ್ಳಿಯನ್ನು ತುದಿಯವರೆಗೂ ಹಬ್ಬಿಸಿದ್ದ. ಇಪ್ಪತ್ತಡಿ ಎತ್ತರದಲ್ಲಿ ಕಪ್ಪುನೀಲಿ ಗೊಂಚಲುಗಳು ತೂಗುತ್ತಿದ್ದವು. ಕಿರಿದಾದ ಉದ್ದನೆಯ ಏಣಿಯ ತುದಿಯಲ್ಲಿ ಒಬ್ಬಳು ನಿಂತು ಕೊಯ್ಯುತ್ತಿದ್ದಳು.

"ಇದು ಆವೆರ್ಸಾದವರ ಪದ್ಧತಿ," ಎಂದಳು ಅಸ್ಸುಂತಾ ಮೆಲ್ಲಗೆ.

"ಅದು ಎಲ್ಲಿ?"

"ನೇಪಲ್ಸಿನಿಂದ ಸ್ವಲ್ಪ ಆಚೆ. ಹಳ್ಳಿಗಾಡು. ಬಳ್ಳಿಯನ್ನು ಮರಕ್ಕೆ ಹತ್ತಿಸುವುದು ಅವರೇ. ಅಪ್ಪ ಪೇಟೆಯವನು. ವೈನು ಮಾರಿದ್ದು ಬಿಟ್ಟರೆ ಬಳ್ಳಿ ಮುಟ್ಟಿದವನಲ್ಲ."

"ಇಲ್ಲಿ ಬಂದು ಕಲಿತಿರಬಹುದು."

"ಯಾರಿಂದ?"

ಕದಿರಪ್ಪ ಮತ್ತೆ ಆ ಬಳ್ಳಿಗಳತ್ತ ಕತ್ತೆತ್ತಿದ.

ಅಕ್ಕಯ್ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಅರವತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಗಂಡ ಸತ್ತ ವರ್ಷ, ಬೇಲಿಯ ಬಳಿ ಹಸಿದು ನಿಂತಿದ್ದ ಪರದೇಶಿಯನ್ನು ಒಳಗೆ ಕರೆದು ಮುದ್ದೆ ಇಕ್ಕಿದವಳು. ಊರು ಏನಂದೀತು ಎಂದು ಯೋಚಿಸದೆ ಅವನನ್ನು ತಮ್ಮ ಎಂದು ಕರೆದವಳು. ಅದಾಗಿ ಹದಿಮೂರು ವರ್ಷ.

"ಏನ್ ಕಂಡೆ ಕದಿರಪ್ಪ?"

"ಊರಿನವಳೇ ಅಕ್ಕ. ಅದ್ರಲ್ಲಿ ಅನುಮಾನ ಇಲ್ಲ. ಅಲ್ಲಿನ ಗಲ್ಲಿಗಲ್ಲಿ ಗೊತ್ತು. ನಾನು ಆಕಿದ ಒಂದ್ ಬಲೆಗೂ ಬೀಳ್ಲಿಲ್ಲ."

ಮುದುಕಿ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಸಂದೇಹ ತೀರಿದವರ ನೋಟ ಅದಲ್ಲ. ದೊಡ್ಡ ಹೊರೆ ಇಳಿಸಲು ಜಾಗ ಸಿಕ್ಕವರ ನೋಟ. ಆಮೇಲೆ ಸೊಂಟದ ಬೀಗದಕೈ ಬಿಚ್ಚಿದಳು.

"ಅವ್ನು ಓದ್ ದಿನದಿಂದ ಬಾಗ್ಲು ತೆಗ್ದಿಲ್ಲ," ಎಂದಳು. "ದೂಳು ಇರ್ತದೆ, ನೋಡ್ಕೊಂಡು ಇಳೀರಿ."

ನೆಲಮಾಳಿಗೆಯಲ್ಲಿ ಧೂಳಿರಲಿಲ್ಲ. ತಂಪಿತ್ತು, ಹುಳಿಸಿಹಿ ವಾಸನೆಯಿತ್ತು. ಅರ್ಧ ನೆಲದಲ್ಲಿ ಹೂತ ಆರು ಮಣ್ಣಿನ ಗುಡಾಣಗಳು ಗೋಡೆಯುದ್ದಕ್ಕೂ ಕೂತಿದ್ದವು. ಅಸ್ಸುಂತಾ ಮೊದಲನೆಯದರ ಮುಚ್ಚಳ ತೆಗೆದು, ಸೌಟಿನಲ್ಲಿ ಒಂದಿಷ್ಟು ತೆಗೆದು, ಬಾಯಲ್ಲಿ ತಿರುಗಿಸಿ ನುಂಗಿದಳು.

"ಚೆನ್ನಾಗಿದೆ," ಎಂದಳು, ಆಶ್ಚರ್ಯದಿಂದ. "ಒರಟು ದ್ರಾಕ್ಷಿ, ಆದರೆ ಮಾಡಿದ ಕೈ ತಾಳ್ಮೆಯದು. ಇದಕ್ಕೆ ಮಾವಿನಹಣ್ಣು ಹೆಚ್ಚಿ ಹಾಕಿದರೆ ಪೀಚ್ ಬೇಕಾಗಿಲ್ಲ."

ಹೀಗೆ ಒಂದೊಂದನ್ನೇ ನೋಡುತ್ತ ಕೊನೆಯ ಗುಡಾಣದ ಬಳಿ ಬಂದವಳು ಮುಚ್ಚಳಕ್ಕೆ ಕೈ ಹಾಕುವ ಮೊದಲೇ ನಿಂತಳು. ಬಾಗಿ ಅದರ ಹೊಟ್ಟೆಗೆ ಕಿವಿ ಹಚ್ಚಿದಳು. ಕದಿರಪ್ಪನನ್ನೂ ಕರೆದಳು.

ಒಳಗೆ ಸಣ್ಣಗೆ ಸದ್ದು. ಹೆಂಚಿನ ಮೇಲೆ ಮಳೆಹನಿ ಬಿದ್ದಂತೆ, ಬಿಡದೆ.

"ಹುದುಗು ಬಂದು ಕುದಿಯುತ್ತಿದೆ," ಎಂದಳು. ಮುಚ್ಚಳ ಸರಿಸಿದಳು. ದ್ರಾಕ್ಷಿಯ ಸಿಪ್ಪೆಗಳು ನೊರೆಯೊಂದಿಗೆ ಮೇಲೆದ್ದು ಕೂತಿದ್ದವು. ಬೆರಳಿನಿಂದ ಒತ್ತಿ ನೋಡಿದಳು. "ಹವಾಲ್ದಾರರೇ, ಇಷ್ಟು ಸೆಕೆಯಲ್ಲಿ ಈ ಕುದಿತ ಐದಾರು ದಿನದಲ್ಲಿ ಇಳಿದುಹೋಗಬೇಕು. ಈ ಹಣ್ಣು ತುಳಿದು ಮೂರು ದಿನಕ್ಕಿಂತ ಹೆಚ್ಚಾಗಿಲ್ಲ. ಇನ್ನೊಂದು ನೋಡಿ. ಮೇಲೆ ಬಂದ ಸಿಪ್ಪೆಯನ್ನು ದಿನಕ್ಕೆ ಎರಡು ಸಲ ಕೋಲಿನಿಂದ ಕೆಳಕ್ಕೆ ಒತ್ತಬೇಕು, ಇಲ್ಲದಿದ್ದರೆ ಒಣಗಿ ಹುಳಿಯುತ್ತದೆ. ಇದು ಒದ್ದೆಯಾಗಿದೆ. ಇವತ್ತು ಬೆಳಿಗ್ಗೆ ಯಾರೋ ಒತ್ತಿದ್ದಾರೆ."

ಅವಳ ಭಾಷೆ ತಿಳಿಯದ ಅಕ್ಕಯ್ಯಮ್ಮ ಮೆಟ್ಟಿಲ ಬಳಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಏನಂದ್ಲು?"

"ರಸ ಚೆನ್ನಾಗದೆ ಅಂದ್ಲು," ಎಂದ ಕದಿರಪ್ಪ. ಹುಡುಗಿಯ ಕಡೆ ತಿರುಗಿ, "ಹೊರಗೆ ಹೆಂಗಸರು ತುಳಿಯಲು ಶುರು ಮಾಡಿದ್ದಾರೆ. ಹೋಗಿ ತೋರಿಸಿಕೊಡಿ. ನಾನು ಬರುತ್ತೇನೆ," ಎಂದ.

ಅವಳು ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಮೆಟ್ಟಿಲ ಮೇಲೇ ಬೂಟು ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು, ನಗು ಕೇಳಿಸಿತು. ಬಿಳಿ ಹುಡುಗಿ ಲಂಗ ಎತ್ತಿ ಕಟ್ಟಿಕೊಂಡು ತೊಟ್ಟಿಗೆ ಇಳಿದಿರಬೇಕು.

ಅವಳು ಹೋದ ದಾರಿಯಲ್ಲೇ ಮುನಿಶಾಮಮ್ಮ ಇಳಿದು ಬಂದಳು. ಕೈಯಲ್ಲಿ ಒಂದು ಅಂಗಿ. ತೋಳು ಉದ್ದನೆಯದು, ಬೆನ್ನು ಅಗಲದ್ದು.

"ಕಾಲು ತೊಳ್ಕೊಳ್ಳೋಕೆ ಕೊಟ್ಟಿಗೆ ಇಂದ್ಗಡೆ ಓಗಿದ್ದೆ ಮಾವ. ಇದು ಅಲ್ಲಿ ಬೇಲಿ ಮೇಲಿತ್ತು. ಮುಟ್ಟಿ ನೋಡು. ಇನ್ನೂ ಒದ್ದೆ."

ಕದಿರಪ್ಪ ಅಂಗಿಯ ತೋಳನ್ನು ಹಿಂಡಿ ನೋಡಿದ. ಕೊನೆಯ ಗುಡಾಣ ಗುಳುಗುಳು ಎನ್ನುತ್ತಿತ್ತು.

"ಅಕ್ಕ," ಎಂದ ಕದಿರಪ್ಪ, "ಬೀಗದಕೈ ಒಂದೇ ಇರೋದು. ಅದು ನಿನ್ ಸೊಂಟದಲ್ಲಿರೋದು. ಅನ್ನೊಂದ್ ದಿನದಿಂದ ಈ ಬಾಗ್ಲು ತೆಗ್ದಿಲ್ಲ ಅಂದೆ. ಈ ಗುಡಾಣದಾಗೆ ಮೂರು ದಿನದ ರಸ ಅದೆ. ಯಾರ್ ತುಳಿದ್ರು?"

"ನಾನೇ ತುಳ್ದೆ."

"ನಿನ್ ಕಾಲು ತೋರ್ಸು."

ಮುದುಕಿ ಸೀರೆಯ ಅಂಚನ್ನು ಎತ್ತಲಿಲ್ಲ. ದ್ರಾಕ್ಷಿಯ ಬಣ್ಣ ವಾರವಾದರೂ ಉಗುರಿನಿಂದ ಹೋಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ತೋಟದಲ್ಲಿ ಇರಲಿಲ್ಲ.

"ಕಾಗ್ದ ಬಂದಿತ್ತಾ?"

"ಬಂದಿತ್ತು." ಅವಳು ಮೆಟ್ಟಿಲ ಮೇಲೆ ಕೂತಳು. "ಅವ್ನು ರೈಲು ಅತ್ತೋ ಮುಂಚಿನ ದಿನ. ಅದನ್ನ ಓದಿದೋನು ಉಣ್ಣಲಿಲ್ಲ. ಏನ್ಲಾ ಅಂದ್ರೆ ಏಳಲಿಲ್ಲ. ಬೆಳಗಾಗೆದ್ದು ಇಗರ್ಜಿಗೆ ಓಗಿ ಬತ್ತೀನಿ ಅಂತ ರಸದ ಜಾಡಿ ಎತ್ಕೊಂಡ. ಕಾಗ್ದಾನೂ ಜೇಬ್ನಾಗೆ ಇಟ್ಕೊಂಡ."

"ಆಮೇಲೆ?"

"ಮಾರನೇ ದಿನ ಒತ್ತಾರೆ ಕೊಟ್ಟಿಗೆ ಗುಡಿಸೋಕೆ ಓದ್ರೆ ಉಲ್ಲಿನ ಮೇಲೆ ಬಿದ್ದಿದ್ದ. ತಲೆ ಒಡ್ದಿತ್ತು. ರೈಲು ಕಂಬಿ ಇಡ್ಕೊಂಡು ನಡ್ಕೊಂಡೇ ಬಂದವ್ನೆ. ಯಾರ್ ಮಾಡಿದ್ರು ಅಂದ್ರೆ ಬಾಯಿ ಬಿಡಾಕಿಲ್ಲ. ನಾನಿಲ್ಲಿರೋದು ಯಾರ್ಗೂ ಏಳಬ್ಯಾಡ ಅಕ್ಕ, ಒಂದು ಉಡ್ಗಿ ಬತ್ತಾಳೆ, ಅವ್ಳು ದಿಟದೋಳಾ ಅಂತ ಮೊದ್ಲು ನೋಡ್ಸು ಅಂದ. ಅಲ್ಲಿ ಮಲ್ಗಿರೋವಾಗ್ಲೂ, ಕೊಯ್ಲಿಗೆ ಮುಂಚೇನೇ ಮಾಗಿದ ಅಣ್ಣು ಕೊಳೀತದೆ ಅಂತ ಕೊಟ್ಟಿಗೆ ಅಟ್ಟದಿಂದ ಇಳಿದು ತುಳಿದ. ಬ್ಯಾಡ ಅಂದ್ರೂ ಕೇಳಾಕಿಲ್ಲ."

"ನನ್ಗೆ ಏಳ್ಬೋದಿತ್ತಲ್ಲ ಅಕ್ಕ."

"ಮಾತು ಕೊಟ್ಟಿದ್ದೆ ಕಣಪ್ಪ. ಸುಳ್ಳು ಏಳಿ ನನ್ ನಾಲ್ಗೆ ದಪ್ಪ ಆಗೋಗದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೆ ಅಳುತ್ತಿರಲಿಲ್ಲ, ನಗುತ್ತಿದ್ದಳು. "ಈಗ ದಿಟದೋಳು ಅಂತ ನೀನೇ ಅಂದೆ. ಇನ್ನು ಅಪ್ಪ ಮಗಳು ಕೂಡ್ಕೊಳ್ಳಲಿ.
ಇಪ್ಪತ್ತು ವರ್ಸ ಆಗದೆ ಪಾಪ."

ಮುನಿಶಾಮಮ್ಮ ಒದ್ದೆ ಅಂಗಿಯನ್ನು ಎದೆಗೊತ್ತಿ ಹಿಡಿದುಕೊಂಡೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

ಮೇಲೆ ತೊಟ್ಟಿಯ ಹಾಡು ಬದಲಾಯಿತು. ಅಲ್ಲಿಯವರೆಗೆ ಹಳ್ಳಿಯ ಹೆಂಗಸರು ತೆಲುಗಿನಲ್ಲಿ ನಾಟಿಯ ಹಾಡೊಂದನ್ನು ಎಳೆಯುತ್ತಿದ್ದರು. ಈಗ ಒಂದೇ ದನಿ ಕೇಳಿಸಿತು. ಕದಿರಪ್ಪನಿಗೆ ಹದಿನೈದು ವರ್ಷಗಳ ಹಿಂದೆ ನೇಪಲ್ಸಿನ ಗಲ್ಲಿಗಳಲ್ಲಿ ಬಟ್ಟೆ ಒಗೆಯುವವರ ಬಾಯಲ್ಲಿ ಕೇಳಿದ ದಾಟಿ. ಅಸ್ಸುಂತಾ ಹಾಡುತ್ತಿದ್ದಳು. ಎರಡನೆಯ ಸಾಲಿಗೆ ಹೆಂಗಸರು ಅರ್ಥ ಗೊತ್ತಿಲ್ಲದೆಯೇ ಸೊಲ್ಲು ಸೇರಿಸಿದರು. ಕಾಲುಗಳು ಒಂದೇ ತಾಳಕ್ಕೆ ಬಿದ್ದವು.

ಮೂವರೂ ಮೇಲೆ ಬಂದರು. ಬಿಸಿಲಿಗೆ ಕಣ್ಣು ಕುಕ್ಕಿತು. ತೊಟ್ಟಿಯೊಳಗೆ ಎಂಟು ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದು ಸುತ್ತುತ್ತಿದ್ದರು. ನಡುವೆ ಅಸ್ಸುಂತಾ, ಮೊಣಕಾಲವರೆಗೂ ನೇರಳೆ, ಕೂದಲು ಬಿಚ್ಚಿಹೋಗಿತ್ತು. ಏಣಿಯ ಮೇಲಿದ್ದವಳೂ ಕೊಯ್ಯುವುದನ್ನು ಬಿಟ್ಟು ತಾಳ ಹಾಕುತ್ತಿದ್ದಳು.

ಆಗ ಕೊಟ್ಟಿಗೆಯ ಬಾಗಿಲು ತೆರೆಯಿತು.

ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಾಗಿ ಹೊರಬಂದವನು ಚೀರಪ್ಪ. ಹಣೆಗೆ ಅಕ್ಕಯ್ಯಮ್ಮನ ಹಳೆಯ ಸೀರೆಯ ಪಟ್ಟಿ ಕಟ್ಟಿತ್ತು. ಮೈಮೇಲೆ ಅಂಗಿ ಇರಲಿಲ್ಲ, ಕಂಬಳಿ ಹೊದ್ದಿದ್ದ. ಹಾಡನ್ನು ಕೇಳಿ ನಿದ್ದೆಯಲ್ಲಿ ಎದ್ದು ಬಂದವನ ಹಾಗೆ ಅಂಗಳದ ನಡುವೆ ನಿಂತ. ತುಟಿ ಅಲುಗುತ್ತಿತ್ತು. ಅವನಿಗೂ ಆ ಹಾಡು ಗೊತ್ತಿತ್ತು.

ಹೆಂಗಸರು ಅವನನ್ನು ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು. ಕಾಣೆಯಾದವನು, ಸತ್ತನೆಂದುಕೊಂಡವನು ಕಣ್ಣೆದುರು ನಿಂತಿದ್ದ. ಒಬ್ಬಳು "ಚೀರಪ್ಪಣ್ಣ ಬಂದ್ನಲ್ಲೇ," ಎಂದು ಕೂಗಿ ನಕ್ಕಳು. ನಗು ತೊಟ್ಟಿಯ ತುಂಬ ಹರಡಿತು.

ಅಸ್ಸುಂತಾ ತೊಟ್ಟಿಯಿಂದ ಹೊರಬಂದಳು. ಕಲ್ಲಿನ ಮೇಲೆ ನೇರಳೆ ಹೆಜ್ಜೆ ಮೂಡಿಸುತ್ತ ನಡೆದಳು. ಕದಿರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಕ್ಕಯ್ಯಮ್ಮ ಮುನಿಶಾಮಮ್ಮನ ಕೈ ಹಿಡಿದಳು.

ಹುಡುಗಿ ಅವನ ಮುಂದೆ ನಿಂತಳು. ತಲೆ ಹಿಂದಕ್ಕೆ ಬಾಗಿಸಿ ಆ ಎತ್ತರದ ಮನುಷ್ಯನ ಮುಖ ನೋಡಿದಳು. ಹಣೆ ನೋಡಿದಳು, ಕಣ್ಣು ನೋಡಿದಳು. ನಗು ಅವಳ ಮುಖದಿಂದ ಮೆಲ್ಲನೆ ಇಳಿಯಿತು.

"ಇವರು ನನ್ನ ಅಪ್ಪ ಅಲ್ಲ," ಎಂದಳು ಕದಿರಪ್ಪನಿಗೆ.

"ಇಪ್ಪತ್ತು ವರ್ಷ ಆಯಿತಲ್ಲ. ಮುಖ ಬದಲಾಗಿರಬಹುದು."

"ಮುಖ ಬದಲಾಗಬಹುದು. ನನ್ನ ಅಪ್ಪ ಕುಳ್ಳ. ಅಮ್ಮನ ಭುಜದ ಮಟ್ಟಕ್ಕೆ ಬರುತ್ತಿದ್ದ. ಬೀದಿಯವರೆಲ್ಲ ಅದಕ್ಕೇ ಹಾಸ್ಯ ಮಾಡುತ್ತಿದ್ದರು."

"ಏನಂದ್ಲು?" ಎಂದಳು ಅಕ್ಕಯ್ಯಮ್ಮ. "ಯಾಕ್ ಮುಟ್ಲಿಲ್ಲ ಅವನ್ನ?"

ಉತ್ತರ ಕೊಟ್ಟವನು ಚೀರಪ್ಪ. ಹದಿಮೂರು ವರ್ಷ ಅವಳಿಂದಲೇ ಕಲಿತ ಕನ್ನಡದಲ್ಲಿ ಹೇಳಿದ.

"ಅವ್ಳು ಅಂದಿದ್ದು ದಿಟ ಅಕ್ಕ. ನಾನು ಅವಳಪ್ಪ ಅಲ್ಲ. ಚೀರೋ ಅನ್ನೋ ಎಸ್ರೂ ನಂದಲ್ಲ, ಅವಳಪ್ಪಂದು."

ಮುದುಕಿ ಕೂರಲು ಜಾಗ ಹುಡುಕಿದಳು. ಸಿಗಲಿಲ್ಲ. ಮುನಿಶಾಮಮ್ಮನ ಭುಜ ಹಿಡಿದು ನಿಂತಳು.

ಅವನು ಹುಡುಗಿಯ ಕಡೆ ತಿರುಗಿ ಅವಳ ಭಾಷೆಯಲ್ಲಿ ಮಾತಾಡಿದ. ಹಳ್ಳಿಯ ಉಚ್ಚಾರ, ನಿಧಾನದ ಮಾತು. ಕದಿರಪ್ಪನಿಗೆ ಪ್ರತಿಯೊಂದು ಪದವೂ ತಿಳಿಯಿತು.

"ನಿನ್ನ ಅಪ್ಪ ಬದುಕಿದ್ದಾನೆ ಮಗಳೇ. ದೂರ ಇಲ್ಲ. ಈ ರೈಲು ನಿಲ್ಲುವ ಕೊನೆಯ ಊರಿನಲ್ಲಿದ್ದಾನೆ, ಮಾರಿಕುಪ್ಪಂನಲ್ಲಿ. ಅಲ್ಲಿ ಅವನಿಗೆ ಬೇರೆ ಹೆಸರು."

ಅಸ್ಸುಂತಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕೈ ತೆಗೆದಾಗ ಎರಡು ಕೆನ್ನೆಯ ಮೇಲೂ ನೇರಳೆ ಬೆರಳುಗಳ ಗುರುತು. ಅವಳು ನಗುತ್ತಿದ್ದಳು, ಅಳುತ್ತಿದ್ದಳು, ತೊಟ್ಟಿಯ ಹೆಂಗಸರಿಗೆ ತನ್ನ ಭಾಷೆಯಲ್ಲೇ ಏನೋ ಕೂಗಿ ಹೇಳಿದಳು. ಅವರಿಗೆ ಏನೂ ತಿಳಿಯಲಿಲ್ಲ. ಆದರೂ ಅವರೆಲ್ಲ ನಕ್ಕು ಕೈತಟ್ಟಿದರು. ಒಬ್ಬಳು ಓಡಿಬಂದು ಅವಳನ್ನು ತಬ್ಬಿಕೊಂಡಳು.

ಆ ಗದ್ದಲದಲ್ಲಿ ಎತ್ತರದ ಮನುಷ್ಯ ಕದಿರಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಹುಡುಗಿಗೆ ತಿಳಿಯಬಾರದೆಂದು ಮತ್ತೆ ಕನ್ನಡಕ್ಕೆ ತಿರುಗಿದ. ಇನ್ನೊಂದು ಕೈ ಹಣೆಯ ಪಟ್ಟಿಯ ಮೇಲಿತ್ತು.

"ಅವಳನ್ನ ಅಲ್ಲಿಗೆ ಕರ್ಕೊಂಡು ಓಗೋ ಮುಂಚೆ ಒಂದು ತಿಳ್ಕೊಳ್ಳಿ ಅವಾಲ್ದಾರ್ರೇ. ಕಾಗ್ದ ತೋರ್ಸೋಕೆ ಅಂತ ನಾನು ಓಗಿದ್ದು ಅವನ ಅತ್ರಾನೇ. ಇದನ್ನ ಮಾಡ್ದೋನೂ ಅವ್ನೇ. ನಾನು ಸತ್ತೋದೆ ಅಂತ ಅವ್ನು ಇವತ್ತಿಗೂ ನಂಬ್ಕೊಂಡವ್ನೆ."

ಅಸ್ಸುಂತಾ ಹೆಂಗಸರ ಕೈ ಬಿಡಿಸಿಕೊಂಡು ಬೂಟು ಹುಡುಕುತ್ತ ಬಂದಳು.

"ಮುಂದಿನ ರೈಲು ಎಷ್ಟು ಗಂಟೆಗೆ?" ಎಂದು ಕೇಳಿದಳು. ಕದಿರಪ್ಪ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಿದ್ದುದನ್ನು ಕಂಡು ಅವನ ಮುಖವನ್ನೇ ನೋಡಿದಳು. "ಅವರು ಏನಂದರು ಹವಾಲ್ದಾರರೇ?"